ಮನೆ ಮಾರುವಾಗ ಹಳೆಯ ಇನ್ಶೂರೆನ್ಸ್ ಕ್ಲೇಮ್ ಹೇಳಬೇಕಾ? ಆಸ್ತಿ ವಕೀಲರ ಜೊತೆ ಪ್ರಶ್ನೋತ್ತರ

ಸರ್ಜಾಪುರ ರಸ್ತೆ ಸದಸ್ಯರು: ಮೇಡಂ, 2022ರ ಸೆಪ್ಟೆಂಬರ್ ಮಳೆಗೆ ರಾಜಕಾಲುವೆ ಉಕ್ಕಿ ಗ್ರೌಂಡ್ ಫ್ಲೋರಿಗೆ ಮೊಣಕಾಲುದ್ದ ನೀರು ನುಗ್ಗಿತ್ತು. ಕ್ಲೇಮ್ ಬಂತು, ರಿಪೇರಿ ಮಾಡಿಸಿದ್ವಿ. ಈಗ ಮಾರ್ತಿದ್ದೀವಿ. ತಗೊಳ್ಳೋರು ಏನೂ ಕೇಳಿಲ್ಲ. ನಾವಾಗೇ ಹೇಳಬೇಕಾ?

ವಕೀಲರು: ಹೇಳಿ. ಕ್ಲೇಮನ್ನೇ ತಿಳಿಸಬೇಕು ಅನ್ನೋ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಆದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55(1)(ಎ) ಇದೆ. ನಿಮಗೆ ಗೊತ್ತಿರುವ, ಕೊಳ್ಳುವವರಿಗೆ ಗೊತ್ತಿಲ್ಲದ, ಅವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ಮುಖ್ಯ ದೋಷವನ್ನು ನೀವೇ ತಿಳಿಸಬೇಕು. ತಿಳಿಸದಿದ್ದರೆ ಅದೇ ಕಲಂ ಅದನ್ನು ವಂಚನೆ ಅಂತ ಕರೆಯುತ್ತೆ. ಕ್ಲೇಮ್ ದೋಷ ಅಲ್ಲ. ದೋಷ ನಿಮಗೆ ಗೊತ್ತಿತ್ತು ಅನ್ನೋದಕ್ಕೆ ಸಾಕ್ಷಿ. ನೀರು ಎಷ್ಟು ಎತ್ತರ ನಿಂತಿತ್ತು ಅಂತ ಇನ್ಶೂರೆನ್ಸ್ ಸರ್ವೇಯರ್ ರಿಪೋರ್ಟಿನಲ್ಲಿ ಫೋಟೊ ಸಮೇತ ಇರುತ್ತೆ. ನಾಳೆ ಕೇಸಾದರೆ ಮೊದಲು ತರಿಸೋದೇ ಅದನ್ನ.

ನನಗೆ ಚಿಂತೆ ಬೇರೆ. ರಿಪೇರಿ ಅಂದ್ರೆ ಏನು ಮಾಡಿಸಿದ್ರಿ? ಗಾರೆ ಕೆತ್ತಿಸಿದ್ರಾ, ಬರೀ ಪುಟ್ಟಿ ಎಳೆಸಿದ್ರಾ?

ರಾಜಾಜಿನಗರ ಸದಸ್ಯರು: ಫಾರ್ವರ್ಡ್ ಬಂದಿದೆ: "ಕ್ಲೇಮ್ 7 ವರ್ಷ ಕ್ಲೂ ರಿಪೋರ್ಟಿನಲ್ಲಿ ಕಾಣುತ್ತೆ, ಪಾಲಿಸಿ ರದ್ದು ಮಾಡಿಸಿದ್ರೆ ಅಳಿಸಿಹೋಗುತ್ತೆ."

ವಕೀಲರು: ಕ್ಲೂ ರಿಪೋರ್ಟ್ ಅಂದ್ರೆ ಹಳೆಯ ಇನ್ಶೂರೆನ್ಸ್ ಕ್ಲೇಮುಗಳ ದಾಖಲೆ, ಅದು ಅಮೆರಿಕದ್ದು. ಪಾಲಿಸಿ ರದ್ದಾದರೆ ಕ್ಲೇಮಿನ ಕಡತ ಅಲ್ಲೂ ಅಳಿಸಿಹೋಗಲ್ಲ, ಇಲ್ಲೂ ಅಳಿಸಿಹೋಗಲ್ಲ. ದಯವಿಟ್ಟು ಇಂಥದ್ದನ್ನ ಇಲ್ಲಿ ಹಾಕಬೇಡಿ.

ಯಲಹಂಕ ಸದಸ್ಯರು: ಇ.ಸಿ.ಯಲ್ಲಿ (ಋಣಭಾರ ಪ್ರಮಾಣಪತ್ರ) ಕ್ಲೇಮ್ ಕಾಣುತ್ತಾ?

ವಕೀಲರು: ಇಲ್ಲ. ನೋಂದಣಿಯಾದ ಪತ್ರ ಮಾತ್ರ.

ಜಯನಗರ ಸದಸ್ಯರು: ಬಿ ಖಾತಾ ಮನೆಗೆ ಪಾಲಿಸಿ ಕೊಡ್ತಾರಾ?

ರಾಜಾಜಿನಗರ ಸದಸ್ಯರು: ಕೇಳದೆ ಹೇಳಿದ್ರೆ ಹತ್ತು ಲಕ್ಷ ಇಳಿಸ್ತಾರೆ. "ಇದ್ದ ಹಾಗೆ, ಇದ್ದಲ್ಲಿ" ಅಂತ ಬರೆಸಿ, ಮುಗೀತು.

ಯಲಹಂಕ ಸದಸ್ಯರು: ಮುಗಿಯೋದು ನಿಮಗೆ. ತಗೊಂಡವರ ಗೋಡೆ ಮುಂದಿನ ಮಳೆಗೆ ಉಪ್ಪು ಬಿಡುತ್ತಲ್ಲ ಸ್ವಾಮಿ!

ರಾಜಾಜಿನಗರ ಸದಸ್ಯರು: ತಗೊಳ್ಳೋರಿಗೆ ಕಣ್ಣಿಲ್ವಾ? ನೋಡ್ಕೊಳ್ಳೋದು ಅವರ ಕೆಲಸ.

ಯಲಹಂಕ ಸದಸ್ಯರು: ಪೇಂಟ್ ಒಳಗೆ ಯಾರಿಗ್ರೀ ಕಾಣುತ್ತೆ? ನಿಮ್ಮಂಥವರಿಂದಲೇ ಮನೆ ತಗೊಳ್ಳೋಕೆ ಭಯ.

ವಕೀಲರು: ಜಗಳ ಸಾಕು. ಬೇಕಂತಲೇ ಮುಚ್ಚಿಟ್ಟಿದ್ದನ್ನ "ಇದ್ದ ಹಾಗೆ, ಇದ್ದಲ್ಲಿ" ಅನ್ನೋ ಸಾಲು ಕಾಯಲ್ಲ. ಮೋಸದ ಕೇಸಿಗೆ ಕಾಲಮಿತಿ ಶುರುವಾಗೋದೂ ಅವರಿಗೆ ಗೊತ್ತಾದ ದಿನದಿಂದ, ರಿಜಿಸ್ಟ್ರೇಷನ್ ದಿನದಿಂದ ಅಲ್ಲ.

ಸರ್ಜಾಪುರ ರಸ್ತೆ ಸದಸ್ಯರು: ಮೇಡಂ, ಹಾಲ್‌ನಲ್ಲಿ ಗಾರೆ ಕೆತ್ತಿಸಿದ್ವಿ. ಹಿಂದಿನ ರೂಮಲ್ಲಿ ಪುಟ್ಟಿ ಮಾತ್ರ. ಅಲ್ಲಿ ಸ್ಕರ್ಟಿಂಗ್ ಮೇಲೆ ಬಿಳಿ ಪುಡಿ ಬರ್ತಿತ್ತು, ಹೋದ ತಿಂಗಳು ಪೇಂಟ್ ಹೊಡೆಸಿದ್ವಿ.

ವಕೀಲರು: ಇದಕ್ಕೇ ಕೇಳಿದ್ದು. ಸುಮ್ಮನಿರೋದು ಒಂದು, ಗೊತ್ತಿದ್ದೂ ಬಳಿದು ಮುಚ್ಚೋದು ಇನ್ನೊಂದು. ಎರಡನೆಯದು ಕರಾರು ಕಾಯ್ದೆಯ 17ನೇ ಕಲಂಗೇ, ಅಂದ್ರೆ ವಂಚನೆಗೇ ಹೋಗುತ್ತೆ. ಅಡ್ವಾನ್ಸ್ ಇನ್ನೂ ತಗೊಂಡಿಲ್ಲ ಅಂದ್ರೆ ತಗೋಬೇಡಿ. ಮೊದಲು ಒಂದು ಹಾಳೆ ಬರೆಯಿರಿ: ನೀರು ಬಂದ ದಿನ, ನಿಂತ ಎತ್ತರ, ಕ್ಲೇಮ್ ನಂಬರು, ಬಂದ ಮೊತ್ತ, ಯಾವ ಗೋಡೆ ಎಷ್ಟು ಅಡಿವರೆಗೆ ಕೆತ್ತಿಸಿದ್ದು, ಕೆಳಗಿನ ಪ್ಲಗ್ ಪಾಯಿಂಟುಗಳ ವೈರ್ ಬದಲಾಯ್ತಾ, ಸಂಪ್ ತೊಳೆಸಿದ್ರಾ. ಹಿಂದಿನ ರೂಮಿನ ಬಿಳಿ ಪುಡಿ, ಹೋದ ತಿಂಗಳ ಪೇಂಟ್ ಎರಡನ್ನೂ ಬರೆಯಿರಿ. ಸರ್ವೇಯರ್ ರಿಪೋರ್ಟ್, ಬಿಲ್ ಲಗತ್ತಿಸಿ. ಇದನ್ನ ಕ್ರಯದ ಕರಾರಿಗೆ ಅನುಬಂಧ ಮಾಡಿ, ಪ್ರತಿ ಪುಟಕ್ಕೂ ಕೊಳ್ಳುವವರ ಸಹಿ ಹಾಕಿಸಿ. ಸಬ್ ರಿಜಿಸ್ಟ್ರಾರ್ ಆಫೀಸಿನ ಬಾಗಿಲಲ್ಲಿ ಬಾಯಿಮಾತಿಗೆ ಹೇಳಿದರೆ ಪ್ರಯೋಜನವಿಲ್ಲ.

ಹೆಬ್ಬಾಳ ಸದಸ್ಯರು: ಹಳೇ ಕ್ಲೇಮ್ ಹೇಳಲೇಬೇಕಾ ಮೇಡಂ?

ವಕೀಲರು: ಮೇಲೆ ಓದಿ.

ಜಯನಗರ ಸದಸ್ಯರು: ಬಿ ಖಾತಾ ಬಗ್ಗೆ ಕೇಳಿದ್ದೆ...

ರಾಜಾಜಿನಗರ ಸದಸ್ಯರು: ಹೀಗೆಲ್ಲ ಬರೆದುಕೊಟ್ರೆ ಯಾರು ತಗೋತಾರೆ?

ಯಲಹಂಕ ಸದಸ್ಯರು: ಬೆಲೆ ಸರಿಯಿದ್ರೆ ನಾನೇ ಬಂದು ನೋಡ್ತೀನಿ. ಹಿಂದಿನ ರೂಮಿನ ಗಾರೆ ಕೆತ್ತಿಸಿ ಒಣಗೋಕೆ ಬಿಡಿ ಸರ್, ಆಮೇಲೆ ಹೇಳಿ.