ಗಾಡಿಗೆ ಉದ್ದ ಬಾಲ ಕೊಟ್ಟರೆ ಗಾಳಿಯ ತಡೆ ಹೇಗೆ ಕಡಿಮೆ ಆಗುತ್ತದೆ?

ಪ್ರಶ್ನೆ

ನಾವು ಕೆಲವರು ಸೇರಿ ಒಬ್ಬರೇ ಕೂರುವ ಮೂರು ಚಕ್ರದ ಬ್ಯಾಟರಿ ಗಾಡಿ ಕಟ್ಟುತ್ತಿದ್ದೇವೆ. ಒಂದು ಚಾರ್ಜಿಗೆ ಆದಷ್ಟು ದೂರ ಓಡಬೇಕು. ಮೂತಿ ಚೂಪಾಗಿದೆ. ಹಿಂಭಾಗ ಸೀಟಿನ ಹಿಂದೆಯೇ ನೇರವಾಗಿ ಮುಗಿಯುತ್ತದೆ. ಗೆಳೆಯನೊಬ್ಬ ಹಿಂದಕ್ಕೆ ಉದ್ದ ಬಾಲ ಕೊಡಿ, ಡ್ರ್ಯಾಗ್ (ಗಾಳಿಯ ತಡೆ) ಇಳಿಯುತ್ತೆ ಅನ್ನುತ್ತಾನೆ. ಬಾಡಿ ದೊಡ್ಡದಾದರೆ ಗಾಳಿ ಉಜ್ಜುವ ಜಾಗವೂ ಜಾಸ್ತಿ ಆಗುತ್ತದೆ ಅಲ್ವಾ? ಗಾಳಿಯನ್ನು ಸೀಳುವುದು ಮುಂಭಾಗ ತಾನೇ?

ಉತ್ತರ 1

ಗೆಳೆಯ ಹೇಳಿದ್ದು ಸರಿ. ಮೂತಿ ದುಂಡಗಿದ್ದರೂ ಸಾಕು, ಗಾಳಿ ಸುಲಭವಾಗಿ ಪಕ್ಕಕ್ಕೆ ಸರಿಯುತ್ತದೆ. ಕಷ್ಟ ಇರುವುದು ಅದು ಹಿಂದೆ ಮತ್ತೆ ಕೂಡಿಕೊಳ್ಳುವಾಗ. ಬಾಡಿ ತಟ್ಟನೆ ಮುಗಿದರೆ ಗಾಳಿಗೆ ಅಷ್ಟು ಬೇಗ ಒಳಗೆ ತಿರುಗಲು ಆಗುವುದಿಲ್ಲ. ಮೈಬಿಟ್ಟು ಹಾರಿ ಹೋಗುತ್ತದೆ. ಗಾಡಿಯ ಬೆನ್ನಿಗೆ ಸುಳಿಗಳು ಏಳುತ್ತವೆ, ಅಲ್ಲಿ ಒತ್ತಡ ಕುಸಿಯುತ್ತದೆ. ಮುಂದೆ ಒತ್ತಡ ಜಾಸ್ತಿ, ಹಿಂದೆ ಕಮ್ಮಿ. ಗಾಡಿಯನ್ನು ಹಿಂದಕ್ಕೆ ಎಳೆಯುವುದು ಇದೇ.

ಬಾಲ ನಿಧಾನವಾಗಿ ಕಿರಿದಾಗುತ್ತಾ ಹೋದರೆ ಗಾಳಿ ಮೈಗಂಟಿಕೊಂಡೇ ಸಾಗಿ, ಹಿಂದಿನ ಒತ್ತಡ ಮತ್ತೆ ಏರುತ್ತದೆ. ಒಂದು ಆಕಾರಕ್ಕೆ ಗಾಳಿಯ ತಡೆ ಎಷ್ಟು ಎಂದು ಹೇಳುವ ಸಂಖ್ಯೆಗೆ ಡ್ರ್ಯಾಗ್ ಗುಣಾಂಕ ಅನ್ನುತ್ತಾರೆ, ಕಮ್ಮಿ ಇದ್ದಷ್ಟೂ ಒಳ್ಳೆಯದು. ಚೆಂಡಿಗೆ ಅದು ಸುಮಾರು 0.47. ಮುಂದೆ ದುಂಡಗಿದ್ದು ಹಿಂದೆ ನೀಳವಾದ ಹನಿಯಾಕಾರಕ್ಕೆ ಸುಮಾರು 0.04. ಎದುರಿನಿಂದ ಕಾಣುವ ಅಳತೆ ಎರಡಕ್ಕೂ ಒಂದೇ ಇದ್ದರೂ ಇಷ್ಟು ಅಂತರ!

ಉಜ್ಜಾಟದ ಬಗ್ಗೆ ನೀವು ಹೇಳಿದ್ದು ನಿಜ, ಮೈ ಉದ್ದವಾದಂತೆ ಅದು ಹೆಚ್ಚುತ್ತದೆ. ಆದರೆ ನಿಮ್ಮ ಗಾಡಿಯಂಥ ಮೊಂಡು ಆಕಾರದಲ್ಲಿ ಒತ್ತಡದ ಪಾಲೇ ತುಂಬಾ ದೊಡ್ಡದು. ಗಾಡಿಯ ಉದ್ದ ಅದರ ಅಗಲದ ಮೂರ್ನಾಲ್ಕು ಪಟ್ಟು ದಾಟಿದ ಮೇಲೆ ಸುಮ್ನೆ ಬೆಳೆಸುವುದರಲ್ಲಿ ಲಾಭವಿಲ್ಲ.

1921ರಲ್ಲೇ ಎಂಜಿನಿಯರ್ ಎಡ್ಮಂಡ್ ರುಂಪ್ಲರ್ ಹನಿಯಾಕಾರದ ಕಾರು ತೋರಿಸಿದ್ದರು. 1979ರಲ್ಲಿ ವಿಂಡ್ ಟನಲ್‌ನಲ್ಲಿ (ಗಾಳಿ ಹಾಯಿಸಿ ಪರೀಕ್ಷಿಸುವ ಸುರಂಗ) ಅಳೆದಾಗ ಅದರ ಗುಣಾಂಕ 0.28 ಬಂತು. ಆ ಕಾಲದ ಡಬ್ಬದಂಥ ಕಾರುಗಳ ನಡುವೆ ಅದನ್ನು ಊಹಿಸಿಕೊಳ್ಳಿ, ನನಗೆ ಈಗಲೂ ಬೆರಗು.

ಪ್ರಶ್ನೆ ಕೇಳಿದವರು

ಧನ್ಯವಾದ. ನಮ್ಮ ಗಾಡಿಯ ಅಗಲ 80 ಸೆಂ.ಮೀ. ಬಾಲ ಎಷ್ಟುದ್ದ ಬೇಕು?

ಉತ್ತರ 1

ಎರಡೂ ಕಡೆಯಿಂದ 12 ಡಿಗ್ರಿಯಂತೆ ಒಳಗೆ ತಂದರೆ ತುದಿ ಕೂಡಲು ಸುಮಾರು 190 ಸೆಂ.ಮೀ. ಬೇಕು. ಅಷ್ಟು ಬೇಡ. ಒಂದು ಮೀಟರಿಗೆ ನೇರವಾಗಿ ಕತ್ತರಿಸಿ. ಅಲ್ಲಿಗೆ ಅಗಲ 38 ಸೆಂ.ಮೀ.ಗೆ ಇಳಿದಿರುತ್ತದೆ, ಸುಳಿ ಏಳುವ ಜಾಗವೂ ಕುಗ್ಗುತ್ತದೆ. ಹೀಗೆ ಕತ್ತರಿಸಿದರೂ ಲಾಭದ ಬಹುಪಾಲು ಉಳಿಯುತ್ತದೆ. 1930ರ ದಶಕದಲ್ಲಿ ಎಂಜಿನಿಯರ್ ವುನಿಬಾಲ್ಡ್ ಕಾಮ್ ಕೆಲಸ ಮಾಡಿದ್ದು ಇದರ ಮೇಲೆಯೇ, ಇಂಥ ಬಾಲಕ್ಕೆ ಅವರದೇ ಹೆಸರಿದೆ. ಬೇಗ ಮುಗಿಸುವ ಆಸೆಗೆ ಕೋನವನ್ನು ಮಾತ್ರ 25, 30 ಡಿಗ್ರಿಗೆ ಏರಿಸಬೇಡಿ. ಗಾಳಿ ಮೈಬಿಡುತ್ತದೆ, ಪಟ್ಟ ಶ್ರಮವೆಲ್ಲ ವ್ಯರ್ಥ.

ಉತ್ತರ 2

ಫೈಬರ್ ಅಚ್ಚು ಹಾಕುವ ಮೊದಲು ರಟ್ಟಿನಲ್ಲಿ ಬಾಲ ಮಾಡಿ ನೋಡಿ. ಅದರ ಮೇಲೆ ಸಾಲಾಗಿ ಉಲ್ಲನ್ ನೂಲಿನ ತುಂಡು ಅಂಟಿಸಿ, ಗಾಡಿ ಓಡುವಾಗ ಪಕ್ಕದ ವಾಹನದಿಂದ ವಿಡಿಯೋ ತೆಗೆಯಿರಿ. ನೂಲು ಹಿಂದಕ್ಕೆ ನೀಟಾಗಿ ಮಲಗಿದ್ದರೆ ಗಾಳಿ ಅಂಟಿಕೊಂಡಿದೆ. ಅತ್ತಿತ್ತ ಒದ್ದಾಡಿದರೆ, ಮುಂದಕ್ಕೆ ತಿರುಗಿದರೆ, ಅಲ್ಲಿ ಮೈಬಿಟ್ಟಿದೆ. ಆ ಜಾಗದಲ್ಲಿ ಕೋನ ಇಳಿಸಿ.

ನಿಮ್ಮ ವೇಗ ಎಷ್ಟು? ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು, ಅದನ್ನು ಎದುರಿಸಲು ಬೇಕಾದ ಪವರ್ ಎಂಟು ಪಟ್ಟು. ಗಂಟೆಗೆ 20 ಕಿ.ಮೀ.ನಲ್ಲಿ ಓಡುವುದಾದರೆ ಗಾಳಿಯ ತಡೆ ಕಮ್ಮಿಯೇ ಇರುತ್ತದೆ, ಮೊದಲು ಟೈರು, ಬೇರಿಂಗ್ ನೋಡಿಕೊಳ್ಳಿ.