ಹಳೇ ಡಿವಿಡಿ ಪ್ಲೇಯರ್, ಹೊಸ ಟಿವಿ: ಚಿತ್ರ ಕಪ್ಪುಬಿಳುಪು, ಸಿನಿಮಾದಲ್ಲಿ ಮಾತೇ ಕೇಳುತ್ತಿಲ್ಲ

ಅಡಿಕೆತೋಟ:

ನಮಸ್ಕಾರ. ಸಾಗರದ ಹತ್ತಿರದ ಹಳ್ಳಿಯಿಂದ ಬರೆಯುತ್ತಿದ್ದೇನೆ. ವೈರಿಂಗ್ ವಿಷಯದಲ್ಲಿ ನನ್ನ ಜ್ಞಾನ ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರ್‌ವರೆಗೆ ಮಾತ್ರ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳಿ.

ಅಪ್ಪಯ್ಯನಿಗೆ 81 ವರ್ಷ. ರಾತ್ರಿ ಯಕ್ಷಗಾನದ ಆಟಕ್ಕೆ ಹೋಗಿ ಕೂರಲು ಈಗ ಆಗುವುದಿಲ್ಲ. ಅವರ ಹತ್ತಿರ ಬಿಸ್ಕತ್ತಿನ ಡಬ್ಬಿ ತುಂಬ ಯಕ್ಷಗಾನದ ಡಿಸ್ಕುಗಳಿವೆ. ಹೆಚ್ಚಿನವು ಊರಿನ ವಿಡಿಯೊದವರು ಶೂಟ್ ಮಾಡಿ ಕೊಟ್ಟದ್ದು. ಹಳೇ ಡಬ್ಬಾ ಟಿವಿ ಇದ್ದಾಗ ಎಲ್ಲ ಸರಿಯಿತ್ತು. ದೀಪಾವಳಿಗೆ ತಂಗಿ 43 ಇಂಚಿನ ಟಿವಿ ಕೊಡಿಸಿದಳು, ಅಲ್ಲಿಂದ ಶುರು.

ಹೊಸ ಟಿವಿಯ ಹಿಂದೆ ಹಳದಿ ಸಾಕೆಟ್ಟೇ ಇಲ್ಲ. ಹಸಿರು, ನೀಲಿ, ಕೆಂಪು ಒಂದು ಸಾಲು. ಪಕ್ಕದಲ್ಲಿ ಬಿಳಿ, ಇನ್ನೊಂದು ಕೆಂಪು. ಪ್ಲೇಯರ್‌ನಿಂದ ಬಂದ ಹಳದಿ ಪಿನ್ನನ್ನು ಅಂದಾಜಿಗೆ ಹಸಿರಿಗೆ ಚುಚ್ಚಿದೆ. ಚಿತ್ರ ಬಂತು, ಆದರೆ ಕಪ್ಪುಬಿಳುಪು. ದುರ್ಯೋಧನನ ವೇಷ ಪೂರ್ತಿ ಬೂದಿ ಬಣ್ಣ. ಅಪ್ಪಯ್ಯ ‘ಇದೇನು, ಗ್ರಹಣ ಹಿಡಿದಿದೆಯಾ’ ಅಂದರು.

ಎರಡನೆಯದು ಸೌಂಡ್. ಆಂಪ್ (ಆಂಪ್ಲಿಫೈಯರ್) 2011ರಲ್ಲಿ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಅಸೆಂಬಲ್ ಮಾಡಿಸಿದ್ದು. ಐದು ಸ್ಪೀಕರ್, ಒಂದು ಸಬ್‌ವೂಫರ್. ಪ್ಲೇಯರ್‌ನಿಂದ ಆಂಪ್‌ಗೆ ಈಗ ಎರಡೇ ವೈರು ಹಾಕಿದ್ದೇನೆ, ಉಳಿದವನ್ನು ಇಲಿ ಕಡಿದಿದೆ. ವಿಚಿತ್ರ ಅಂದರೆ ಯಕ್ಷಗಾನ ಹಾಕಿದರೆ ಭಾಗವತರ ಪದ್ಯ, ಚಂಡೆ, ಮದ್ದಳೆ ಎಲ್ಲ ಚೆನ್ನಾಗಿ ಕೇಳುತ್ತದೆ. ಸಿನಿಮಾ ಡಿವಿಡಿ ಹಾಕಿದರೆ ಹಾಡಿನ ಮ್ಯೂಸಿಕ್ ಇದೆ, ಮಳೆ ಸದ್ದು ಇದೆ, ಹೀರೊ ಬಾಯಿ ಆಡಿಸುತ್ತಾನೆ, ಮಾತು ಮಾತ್ರ ಪಕ್ಕದ ಮನೆಯಲ್ಲಿ ಪಿಸುಗುಟ್ಟಿದ ಹಾಗೆ. ಒಂದು ಅಂಗಡಿಯಲ್ಲಿ ಕೇಳಿದೆ. ಪ್ಲೇಯರ್ ಹೋಗಿದೆ, ಎಸೆಯಿರಿ ಅಂದರು. ಹೋಗಿದ್ದರೆ ಯಕ್ಷಗಾನಕ್ಕೆ ಹೇಗೆ ಸರಿ ಇರುತ್ತದೆ?

ಟೈಮಿಲ್ಲ:

ಸರ್, ಸುಮ್ನೆ ಯಾಕೆ ಒದ್ದಾಡ್ತೀರಿ. ಒಂದು ಸೌಂಡ್‌ಬಾರ್, ಎಚ್‌ಡಿಎಂಐ ಇರುವ ಒಂದು ಪ್ಲೇಯರ್ ತಗೊಳ್ಳಿ. ಒಂದೊಂದೇ ವೈರು, ಹತ್ತು ನಿಮಿಷದ ಕೆಲಸ.

ರಿಪೇರಿ ರಾಯರು:

ಟೈಮಿಲ್ಲದವರು ಹೇಳಿದ್ದು ತಪ್ಪಲ್ಲ, ಆದರೆ ಇವರಿಗೆ ಅದು ಬೇಕಿಲ್ಲ. ಮೈಸೂರಿನಲ್ಲಿ 22 ವರ್ಷ ರಿಪೇರಿ ಅಂಗಡಿ ನಡೆಸಿದವನು ನಾನು. ಈ ‘ಮಾತು ಕೇಳುತ್ತಿಲ್ಲ’ ಕಾಯಿಲೆಗೆ ಬಂದ ಪ್ಲೇಯರ್‌ಗಳಲ್ಲಿ ಮುಕ್ಕಾಲು ಪಾಲು ಒಂದು ಸ್ಕ್ರೂ ಕೂಡ ಬಿಚ್ಚದೆ ವಾಪಸ್ ಕೊಟ್ಟಿದ್ದೇನೆ.

ತೋಟದವರೇ, ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ಊರಿನ ವಿಡಿಯೊದವರ ಡಿಸ್ಕಿನಲ್ಲಿ ಸೌಂಡ್ ಬರೀ ಎರಡು ಚಾನಲ್, ಎಡ ಬಲ. ಹೆಚ್ಚಿನ ಸಿನಿಮಾ ಡಿವಿಡಿಗಳಲ್ಲಿ ಆರು: ಮುಂದೆ ಎರಡು, ಹಿಂದೆ ಎರಡು, ನಡುವಿನ ಸೆಂಟರ್, ಸಬ್‌ವೂಫರ್. ಮಾತನ್ನು ಹೆಚ್ಚಾಗಿ ಇಡುವುದು ಸೆಂಟರ್‌ನಲ್ಲಿ. ನಿಮ್ಮ ಪ್ಲೇಯರ್ ಆರೂ ವೈರು ಇದೆ ಅಂದುಕೊಂಡು ಮಾತನ್ನು ಸೆಂಟರ್ ಸಾಕೆಟ್ಟಿಗೆ ಕಳಿಸುತ್ತಿದೆ. ಅಲ್ಲಿ ವೈರೇ ಇಲ್ಲ. ಪ್ಲೇಯರ್ ಚೆನ್ನಾಗಿಯೇ ಇದೆ, ಎಸೆಯಬೇಡಿ.

ದಾರಿ ಎರಡು. ಇವತ್ತೇ ಸರಿಯಾಗಬೇಕು ಅಂದರೆ ಪ್ಲೇಯರ್ ರಿಮೋಟಿನ ಸೆಟಪ್ ಒತ್ತಿ, ಸ್ಪೀಕರ್ ಸೆಟಪ್ ಒಳಗೆ ‘ಡೌನ್‌ಮಿಕ್ಸ್’ ಅಂತ ಇರುತ್ತದೆ. ಈಗ ಅದು 5.1 (ಅಂದರೆ ಆರು ಚಾನಲ್) ಮೇಲೆ ನಿಂತಿರುತ್ತದೆ. ಸ್ಟೀರಿಯೊ ಮಾಡಿ. ಸೆಂಟರ್‌ನ ಮಾತು ಎಡ ಬಲಕ್ಕೆ ಹಂಚಿ ಬರುತ್ತದೆ. ಡಿಸ್ಕ್ ಓಡುವಾಗ ಕೆಲವು ಪ್ಲೇಯರ್‌ಗಳಲ್ಲಿ ಇದು ಬದಲಾಗುವುದಿಲ್ಲ, ಮೊದಲು ಸ್ಟಾಪ್ ಒತ್ತಿ. ಆದರೆ ಐದು ಸ್ಪೀಕರ್ ಇಟ್ಟುಕೊಂಡು ಎರಡರಲ್ಲಿ ಕೇಳುವುದು ಯಾಕೆ? ಪೇಟೆಗೆ ಹೋದಾಗ ಹಳದಿ-ಕೆಂಪು-ಬಿಳಿ ಮೂರು ಪಿನ್ನಿನ ಮಾಮೂಲಿ ಎವಿ ಕೇಬಲ್ ಎರಡು ತನ್ನಿ. ಮೂರೆರಡಲೆ ಆರು. ಬಣ್ಣ ನೋಡಬೇಡಿ, ಈ ಕೆಲಸಕ್ಕೆ ಯಾವ ಬಣ್ಣದ ವೈರಾದರೂ ನಡೆಯುತ್ತದೆ. ಸಾಕೆಟ್ಟಿನ ಕೆಳಗಿನ ಅಕ್ಷರ ನೋಡಿ. ಎಫ್‌ಎಲ್‌ನಿಂದ (ಮುಂದಿನ ಎಡ) ಎಫ್‌ಎಲ್‌ಗೆ, ಎಸ್‌ಆರ್‌ನಿಂದ (ಹಿಂದಿನ ಬಲ) ಎಸ್‌ಆರ್‌ಗೆ, ಹೀಗೆ ಆರೂ. ಆಮೇಲೆ ಡೌನ್‌ಮಿಕ್ಸನ್ನು ಮತ್ತೆ 5.1 ಮಾಡಿ.

ಪ್ಲೇಯರ್ ಹಿಂದೆ ಒಂಟಿ ಕಿತ್ತಳೆ ಸಾಕೆಟ್ ಕೂಡ ಇರಬಹುದು. ಅದು ಡಿಜಿಟಲ್ ಕೊಆಕ್ಸಿಯಲ್. ಆರು ಚಾನಲ್ಲೂ ಒಂದೇ ವೈರಿನಲ್ಲಿ ಹೋಗುತ್ತದೆ, ಆದರೆ ಮೂಟೆ ಕಟ್ಟಿದ ಹಾಗೆ. ಬಿಚ್ಚಲು ಆಂಪ್‌ನೊಳಗೆ ಡಾಲ್ಬಿ ಡಿಕೋಡರ್ ಬೇಕು. ಅಸೆಂಬಲ್ ಆಂಪ್‌ಗಳಲ್ಲಿ ಬೇರೆಯಾಗಿ ಹಾಕಿಸಿದ್ದರೆ ಮಾತ್ರ ಇರುತ್ತದೆ. ನಿಮಗೆ ಆರು ವೈರೇ ಸರಿ, ಡಿಕೋಡ್ ಮಾಡುವ ಕೆಲಸ ಪ್ಲೇಯರ್ ಮಾಡಿಕೊಡುತ್ತದೆ.

ಕಪ್ಪುಬಿಳುಪಿನ ಕಥೆ ಚಿಕ್ಕದು. ಹಸಿರಿಗೆ ಹಾಕಿದ್ದು ಸರಿಯೇ, ಈಗಿನ ಕೆಲವು ಟಿವಿಗಳಲ್ಲಿ ಹಳದಿಗೂ ಹಸಿರಿಗೂ ಒಂದೇ ಮನೆ. ನೀವು ಟಿವಿಯ ಸೋರ್ಸ್‌ನಲ್ಲಿ (ಚಿತ್ರ ಎಲ್ಲಿಂದ ಬರಲಿ ಅಂತ ಆರಿಸುವ ಕಡೆ) ‘ಕಾಂಪೊನೆಂಟ್’ ಆರಿಸಿರುತ್ತೀರಿ. ಆಗ ಟಿವಿ ಹಸಿರಿನಲ್ಲಿ ಬೆಳಕು-ನೆರಳನ್ನು ಮಾತ್ರ ಹುಡುಕುತ್ತದೆ, ಬಣ್ಣ ನೀಲಿ ಕೆಂಪಿನಿಂದ ಬರಲಿ ಅಂತ ಕಾಯುತ್ತದೆ. ‘ಎವಿ’ ಆರಿಸಿ.

ಅಡಿಕೆತೋಟ:

ರಾಯರೇ, ಸೋರ್ಸ್ ಎವಿ ಮಾಡಿದ ಕೂಡಲೇ ದುರ್ಯೋಧನನಿಗೆ ಬಣ್ಣ ಬಂತು!

ಇವತ್ತು ಕೇಬಲ್ ತಂದು ಆರೂ ಹಾಕಿದೆ. ಮೊದಲ ಸಲ ಹೀರೊ ಹಂಡೆಯೊಳಗೆ ಕೂತು ಮಾತಾಡಿದ ಹಾಗಿತ್ತು. ಟಾರ್ಚ್ ಹಿಡಿದು ನೋಡಿದರೆ ಸೆಂಟರ್‌ನ ಪಿನ್ ಸಬ್‌ವೂಫರ್‌ಗೆ, ಅದರದ್ದು ಇದಕ್ಕೆ. ಆಂಪ್ ಹಿಂದೆ ಸಿ ಮತ್ತು ಎಸ್‌ಡಬ್ಲ್ಯು ಅಂತ ಬರೆದ ಸ್ಟಿಕ್ಕರ್ ಅರ್ಧ ಅಳಿಸಿದೆ. ಅದಲು ಬದಲು ಮಾಡಿದೆ. ಈಗ ಮಾತು ಟಿವಿಯ ಕೆಳಗಿನಿಂದಲೇ ನೆಟ್ಟಗೆ ಬರುತ್ತಿದೆ.

ಆದರೆ ಹೊಸ ತಕರಾರು, ಇದನ್ನು ಕಂಡುಹಿಡಿದದ್ದು ಅಪ್ಪಯ್ಯ. ‘ಚಂಡೆಯವನು ಕೋಲು ಎತ್ತಿದಾಗಲೇ ಪೆಟ್ಟು ಕೇಳುತ್ತದಲ್ಲ, ಹೀಗೆ ಬಾರಿಸುವವನನ್ನು ಮೇಳದಲ್ಲಿ ಇಟ್ಟುಕೊಳ್ಳುತ್ತಾರಾ’ ಅಂತ. ನನಗೆ ಮೊದಲು ಗೊತ್ತಾಗಲಿಲ್ಲ. ಗಮನಿಸಿದರೆ ಹೌದು, ಸದ್ದು ಮುಂದೆ, ಕೋಲು ಹಿಂದೆ. ಹಳೇ ಟಿವಿಯಲ್ಲಿ ಹೀಗೆ ಇರಲಿಲ್ಲ.

ಕರಾವಳಿ ಕೇಳುಗ:

ಅಣ್ಣಾ, ಇದು ನಮ್ಮ ಮನೆಯಲ್ಲೂ ಆಗಿತ್ತು. ಡಬ್ಬಾ ಟಿವಿ ಬಂದ ಚಿತ್ರವನ್ನು ಬಂದ ಹಾಗೆ ತೋರಿಸುತ್ತಿತ್ತು. ಹೊಸ ಟಿವಿ ಅದನ್ನು ಹಿಡಿದು, ದೊಡ್ಡದು ಮಾಡಿ, ತಿದ್ದಿ ತೀಡಿ ಆಮೇಲೆ ತೋರಿಸುತ್ತದೆ. ನಿಮ್ಮ ಸೌಂಡ್ ಟಿವಿಗೆ ಹೋಗದೆ ನೇರ ಆಂಪ್‌ಗೆ ಹೋಗುತ್ತದಲ್ವಾ, ಅದು ಯಾರಿಗೂ ಕಾಯುವುದಿಲ್ಲ. ಕಂಪನಿ ಆಂಪ್‌ಗಳಲ್ಲಿ (ರಿಸೀವರ್ ಅನ್ನುತ್ತಾರೆ) ಸದ್ದನ್ನು ಇಷ್ಟು ಮಿಲಿಸೆಕೆಂಡ್ ತಡೆದು ಬಿಡುವ ಸೆಟ್ಟಿಂಗ್ ಇರುತ್ತದೆ. ನಿಮ್ಮ ಆಂಪ್‌ನಲ್ಲಿ ಇರಲಿಕ್ಕಿಲ್ಲ. ಹಾಗಾಗಿ ಟಿವಿಯನ್ನೇ ಓಡಿಸಬೇಕು. ಪಿಕ್ಚರ್ ಮೆನುವಿನಲ್ಲಿ ‘ಗೇಮ್ ಮೋಡ್’ ಆನ್ ಮಾಡಿ. ತಿದ್ದುವ ಕೆಲಸ ಕಮ್ಮಿಯಾಗಿ ಚಿತ್ರ ಬೇಗ ಬರುತ್ತದೆ. ಹೆಸರು ನೋಡಿ ಮಕ್ಕಳ ಆಟಕ್ಕೆ ಅಂದುಕೊಳ್ಳಬೇಡಿ, ನಿಮ್ಮ ಆಟಕ್ಕೂ ಆಗುತ್ತದೆ. ನಾಯ್ಸ್ ರಿಡಕ್ಷನ್, ಮೋಷನ್ ಅಂತ ಇರುವುದನ್ನೂ ಆಫ್ ಮಾಡಿ.

ರಿಪೇರಿ ರಾಯರು:

ಸರಿಯಾಗಿ ಹೇಳಿದಿರಿ. ಇನ್ನೊಂದು ಮಾತು. ಹಳದಿ ಪಿನ್ನಿನಿಂದ ಎಚ್‌ಡಿಎಂಐ ಮಾಡುವ ಚಿಕ್ಕ ಡಬ್ಬಿ ಹಾಕಿದರೆ ಚಿತ್ರ ಎಚ್‌ಡಿ ಆಗುತ್ತದೆ ಅಂತ ಯಾರಾದರೂ ಹೇಳಿದರೆ ದುಡ್ಡು ಕೊಡಬೇಡಿ. ನಮ್ಮ ಕಡೆಯ ಡಿವಿಡಿಯಲ್ಲಿ ಇರುವುದೇ ಹೆಚ್ಚೆಂದರೆ 720×576 ಚುಕ್ಕಿ, ವಿಸಿಡಿಯಲ್ಲಿ 352×288. ಇಲ್ಲದ್ದನ್ನು ಡಬ್ಬಿ ಎಲ್ಲಿಂದ ತರುತ್ತದೆ? ಅದೇ ದುಡ್ಡಿಗೆ ಹಸಿರು-ನೀಲಿ-ಕೆಂಪು ಮೂರೂ ವೈರು ಹಾಕಿ, ಪ್ಲೇಯರ್‌ನ ವಿಡಿಯೊ ಸೆಟ್ಟಿಂಗ್‌ನಲ್ಲೂ ಕಾಂಪೊನೆಂಟ್ ಆರಿಸಿ, ಟಿವಿಯಲ್ಲೂ ಕಾಂಪೊನೆಂಟ್ ಇಡಿ. ಹಳದಿಗಿಂತ ಅಂಚು ಚೊಕ್ಕ ಕಾಣುತ್ತದೆ.

ಅಡಿಕೆತೋಟ:

ಗೇಮ್ ಮೋಡ್ ಹಾಕಿದೆ. ಕೋಲು, ಪೆಟ್ಟು ಎರಡೂ ಒಟ್ಟಿಗೆ. ಗೊತ್ತಾದ ಮೇಲೆ ಹುಡುಕಿದರೂ ನನಗೆ ವ್ಯತ್ಯಾಸ ಸಿಗಲಿಲ್ಲ. ಅಪ್ಪಯ್ಯ ಎರಡು ಪದ್ಯ ಕೇಳಿ ‘ಹ್ಞಾಂ, ಈಗ ತಾಳಕ್ಕೆ ಬಂದ’ ಅಂದರು.

ಮೂರು ವೈರಿನ ಕೆಲಸ ಭಾನುವಾರಕ್ಕೆ ಇಟ್ಟಿದ್ದೇನೆ. ಈಗ ಟಿವಿ ಹಿಂದೆ ಕೈ ಹಾಕಿದರೆ ಬೈಗುಳ ಗ್ಯಾರಂಟಿ, ಗದಾಯುದ್ಧ ನಡೆಯುತ್ತಿದೆ, ದುರ್ಯೋಧನ ಇನ್ನೂ ಸರೋವರದಿಂದ ಮೇಲೆ ಬಂದಿಲ್ಲ.