ಅಮ್ಮ ಅಮೆರಿಕಕ್ಕೆ ಹೊರಟಿದ್ದಾರೆ. ನಮ್ಮವರು ಇರುವ ಏರಿಯಾದಲ್ಲೇ ಮನೆ ಮಾಡಬೇಕಾ?

ಎಸ್‌ಎಸ್‌ಪುರಂ_ಅಕ್ಕ (ತುಮಕೂರು)

ಅಮ್ಮನಿಗೆ ಗ್ರೀನ್ ಕಾರ್ಡ್ ಬಂತು. ಇನ್ನು ನ್ಯೂಜೆರ್ಸಿಯಲ್ಲಿ ತಮ್ಮನ ಜೊತೆ ಇರುತ್ತಾರೆ. ಅವನೀಗ ಮನೆ ಹುಡುಕುತ್ತಿದ್ದಾನೆ. ಒಂದು, ಐಸ್ಲಿನ್‌ನಲ್ಲಿ ಓಕ್ ಟ್ರೀ ರೋಡ್ ಹತ್ತಿರ ಸಣ್ಣ ಅಪಾರ್ಟ್‌ಮೆಂಟ್. ಸುತ್ತ ಎಲ್ಲಾ ಇಂಡಿಯನ್ ಅಂಗಡಿಗಳೇ. ಇನ್ನೊಂದು, ದೂರದ ಊರಿನಲ್ಲಿ ಹಿತ್ತಲಿರುವ ದೊಡ್ಡ ಮನೆ. "ಇಷ್ಟು ದೂರ ಬಂದು ಮತ್ತೆ ನಮ್ಮವರ ಮಧ್ಯೆಯೇ ಇದ್ದರೆ ಮಗು ಏನು ಕಲಿಯುತ್ತೆ ಅಕ್ಕ?" ಅಂತಾನೆ.

ಅಮ್ಮನ ತವರು ಪಾವಗಡ. ಕನ್ನಡ, ತೆಲುಗು ಎರಡೂ ಬರುತ್ತೆ, ಇಂಗ್ಲಿಷ್ ಇಲ್ಲ. ಕಾರ್ ಓಡಿಸಲ್ಲ. ಇಲ್ಲಿ ಸಂಜೆಯಾದರೆ ನಾಲ್ಕು ಮನೆಯವರನ್ನು ಮಾತಾಡಿಸಿಕೊಂಡು ಬಂದರೇನೇ ಅವರಿಗೆ ಸಮಾಧಾನ. ಅಲ್ಲಿ ಹೇಗಿರುತ್ತಾರೋ ಅಂತ ನನಗೆ ನಿದ್ದೆಯೇ ಬರುತ್ತಿಲ್ಲ. ಅಲ್ಲಿರುವವರು ದಯವಿಟ್ಟು ಹೇಳಿ.

ಚಿಂತಾಮಣಿ_ಎಡಿಸನ್

ಅಕ್ಕ, ಐಸ್ಲಿನ್ ಮನೆಯೇ ನೋಡಲಿ. ನಮ್ಮ ಅತ್ತೆ ಮೊದಲು ನಮ್ಮ ಹಳೇ ಮನೆಯಲ್ಲಿದ್ದರು. ಅಲ್ಲಿ ಫುಟ್‌ಪಾತ್ ಇಲ್ಲ, ಬಸ್ಸಿಲ್ಲ. ನಾವು ಆಫೀಸಿಗೆ, ಮಕ್ಕಳು ಸ್ಕೂಲಿಗೆ. ಇಡೀ ದಿನ ಟಿವಿ ಮುಂದೆ. ಊಟವೇ ಕಡಿಮೆಯಾಗಿತ್ತು. ಇಲ್ಲಿಗೆ ಬಂದ ಮೇಲೆ ತಾವೇ ನಡೆದು ಹೋಗಿ ಕೊತ್ತಂಬರಿ ತರುತ್ತಾರೆ, ದಾರಿಯಲ್ಲಿ ಯಾರಾದರೂ ಸಿಗುತ್ತಾರೆ.

ಒಂದು ವಿಷಯ ಗೊತ್ತಿರಲಿ. ಇಲ್ಲಿ ಗುಜರಾತಿಗಳು ಜಾಸ್ತಿ, ತೆಲುಗಿನವರೂ ಸಿಗುತ್ತಾರೆ. ಕನ್ನಡದವರನ್ನು ಹುಡುಕಬೇಕು. ನಿಮ್ಮಮ್ಮನಿಗೆ ಪಾವಗಡದ ತೆಲುಗು ಕೈ ಹಿಡಿಯುತ್ತೆ.

ಇನ್ನೊಂದು, ಹೆಲ್ತ್ ಇನ್ಶೂರೆನ್ಸ್ ಈಗಲೇ ನೋಡಿಕೊಳ್ಳಿ. 65 ದಾಟಿದ್ದರೂ, ಅಮೆರಿಕದಲ್ಲಿ ಕೆಲಸ ಮಾಡಿರದವರು ಸತತ 5 ವರ್ಷ ಇಲ್ಲಿದ್ದ ಮೇಲೆಯೇ ದುಡ್ಡು ಕಟ್ಟಿ ಮೆಡಿಕೇರ್ (ವಯಸ್ಸಾದವರಿಗೆ ಇಲ್ಲಿನ ಸರ್ಕಾರದ ಹೆಲ್ತ್ ಇನ್ಶೂರೆನ್ಸ್) ಸೇರಬಹುದು.

ಚಾಂಪಿಯನ್‌ರೀಫ್ಸ್

ನಾನು ಅಮೆರಿಕ ನೋಡಿಲ್ಲ. ಆದರೆ ಹುಟ್ಟಿ ಬೆಳೆದದ್ದು ವಲಸೆ ಬಂದವರ ಕೇರಿಯಲ್ಲೇ, ಕೆಜಿಎಫ್ ಲೈನ್‌ಗಳಲ್ಲಿ.

1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ತಮಿಳು ಸೀಮೆಯಿಂದ ಸಾವಿರಾರು ಜನ ಗಣಿ ಕೆಲಸಕ್ಕೆ ಬಂದರು. ನಮ್ಮ ತಾತ ಉತ್ತರ ಆರ್ಕಾಟ್ ಕಡೆಯವರು. ಸಾಲು ಮನೆ, ಸಣ್ಣ ಕೋಣೆ. ಅಜ್ಜಿಗೆ ಕೊನೆವರೆಗೂ ಕನ್ನಡ ಸರಿಯಾಗಿ ಬರಲಿಲ್ಲ, ಬೇಕಾಗಲೂ ಇಲ್ಲ. ತಾತ ಗಣಿಯಲ್ಲಿ ಪೆಟ್ಟು ಮಾಡಿಕೊಂಡು ಮಲಗಿದಾಗ ಲೈನಿನವರೇ ಸರದಿ ಪ್ರಕಾರ ಊಟ ತಂದುಕೊಟ್ಟರು. ನಮ್ಮಮ್ಮನನ್ನು ಎತ್ತಿ ಆಡಿಸಿದವರೂ ಅಕ್ಕಪಕ್ಕದವರೇ. ಅಂಥ ಆಸರೆ ದುಡ್ಡು ಕೊಟ್ಟರೆ ಸಿಗಲ್ಲ.

ಆದರೆ ಅಷ್ಟೂ ಮನೆಗಳಿಗೆ ಗೊತ್ತಿದ್ದದ್ದು ಒಂದೇ ಕೆಲಸ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಬೇರೆ ಕೆಲಸ ಎಲ್ಲಿದೆ ಅಂತ ಕೇಳೋಣ ಅಂದರೆ ಪಕ್ಕದ ಮನೆಯವರೂ ಮನೆಯಲ್ಲೇ ಕೂತಿದ್ದರು. ಲೈನಿನ ಆಚೆ ನಾಲ್ಕು ಜನರ ಪರಿಚಯ ಇದ್ದವರು ಬೇಗ ದಾರಿ ಕಂಡುಕೊಂಡರು. ಉಳಿದವರು ಬಹಳ ಕಷ್ಟಪಟ್ಟರು. ಈಗಲೂ ಮಾರಿಕುಪ್ಪಂನಿಂದ ಬೆಳಗಿನ ರೈಲು ಹತ್ತಿ ನೋಡಿ, ದುಡಿಮೆಗೆ ಬೆಂಗಳೂರಿಗೆ ಹೋಗುವವರೇ ತುಂಬಿರುತ್ತಾರೆ.

ನಮ್ಮನ್ನು ಕಂಪನಿ ಅಲ್ಲಿ ಇರಿಸಿತ್ತು. ನಿಮ್ಮ ತಮ್ಮ ಆರಿಸಿಕೊಳ್ಳುತ್ತಿದ್ದಾರೆ, ಅದು ದೊಡ್ಡ ವ್ಯತ್ಯಾಸ. ಅಮ್ಮನಿಗೆ ಜನ ಹತ್ತಿರವಿರಲಿ. ತಮ್ಮನ ಕೆಲಸ, ಮಗುವಿನ ಸ್ನೇಹಿತರು ಆ ಒಂದೇ ರಸ್ತೆಯೊಳಗೆ ಮುಗಿಯದ ಹಾಗೆ ಅವರು ನೋಡಿಕೊಳ್ಳಲಿ.

ಕೋಲಾರ_ಮೇಷ್ಟ್ರು

ಕೆಜಿಎಫ್ ಗೆಳೆಯರ ಮಾತು ನಿಜ. ನಾನು ಸಮಾಜಶಾಸ್ತ್ರ ಪಾಠ ಮಾಡುತ್ತೇನೆ, ಅದಕ್ಕೆ ಎರಡು ವಿಷಯ ಸೇರಿಸುತ್ತೇನೆ. 2001ರಲ್ಲಿ ಪ್ರಕಟವಾದ ದಕ್ಷಿಣ ಲಂಡನ್‌ನ ಅಧ್ಯಯನವೊಂದಿದೆ. ಬಿಳಿಯರಲ್ಲದವರ ಪಾಲು ಕಡಿಮೆ ಇರುವ ವಾರ್ಡ್‌ಗಳಲ್ಲಿ, ಅವರಿಗೆ ಸ್ಕಿಜೋಫ್ರೀನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಬರುವುದು ಜಾಸ್ತಿ ಕಂಡಿತು. ಸ್ವೀಡನ್ನಿನಲ್ಲಿ 1985ರಿಂದ ಸರ್ಕಾರವೇ ನಿರಾಶ್ರಿತರನ್ನು ಬೇರೆ ಬೇರೆ ಊರುಗಳಿಗೆ ಹಂಚಿತ್ತು. ಅಲ್ಲಿ ಓದು ಕಡಿಮೆ ಇದ್ದವರಿಗೆ ತಮ್ಮ ನಾಡಿನವರು ಜಾಸ್ತಿ ಇದ್ದ ಕಡೆ ಸಂಪಾದನೆ ಉತ್ತಮವಾಯಿತು.

ಹಾಗಂತ ಒಟ್ಟಿಗಿದ್ದರೆ ಭಯವೇ ಇಲ್ಲ ಅಂತಲ್ಲ. 1987ರಲ್ಲಿ ಅದೇ ನ್ಯೂಜೆರ್ಸಿಯ ಜೆರ್ಸಿ ಸಿಟಿಯಲ್ಲಿ ಭಾರತೀಯರನ್ನೇ ಗುರಿ ಮಾಡಿ ಹೊಡೆಯುವ ಗುಂಪು ಹುಟ್ಟಿತ್ತು, ಜೀವವೂ ಹೋಯಿತು. ಮನೆ ನೋಡುವಾಗ ಅಕ್ಕಪಕ್ಕದವರನ್ನು ವಿಚಾರಿಸಲಿ.

ಎಸ್‌ಎಸ್‌ಪುರಂ_ಅಕ್ಕ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಫೋನಿನಲ್ಲಿ ತಮ್ಮನಿಗೆ ಎಲ್ಲಾ ಓದಿ ಹೇಳಿದೆ. ಐಸ್ಲಿನ್‌ನಲ್ಲಿ ಒಂದು ವರ್ಷ ಬಾಡಿಗೆಗೆ ಇದ್ದು ನೋಡೋಣ ಅಂದ. ಮಗುವನ್ನು ಲೈಬ್ರರಿಗೆ, ಈಜು ಕ್ಲಾಸಿಗೆ ಬೇರೆ ಕಡೆ ಸೇರಿಸುತ್ತಾನಂತೆ. ಚಿಂತಾಮಣಿಯವರೇ, ಹಿಮ ಬಿದ್ದಾಗ ನಿಮ್ಮ ಅತ್ತೆ ಹೊರಗೆ ನಡೆಯುತ್ತಾರಾ? ಅಮ್ಮನಿಗೆ ಎಂಥ ಶೂ ಕೊಡಿಸಲಿ, ಇಲ್ಲೇ ಸಿಗುತ್ತಾ?